ಖಾಲಿ ಬುತ್ತಿ ಕಳಿಸದ ಮನೆ

ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ. ಅದು ಪೂರ್ತಿ ರೊಟ್ಟಿಯದೂ ಅಲ್ಲ, ಬಟ್ಟೆಯದೂ ಅಲ್ಲ. ಹಬೆಗೆ ಬಟ್ಟೆ ತುಸು ತೇವವಾಗಿ, ಒಳಗಿನ ಗುರೆಳ್ಳು ಚಟ್ನಿ, ಬೆಳ್ಳುಳ್ಳಿ, ಹಸಿ ಉಳ್ಳಾಗಡ್ಡಿ ಎಲ್ಲ ಒಂದಕ್ಕೊಂದು ಹೊಂದಿಕೊಂಡು, ಮೇಲೆ ಬಸ್ಸಿನ ಡೀಸೆಲ್ ಘಾಟೂ ಸೇರಿದರೆ ಬರುವ ವಾಸನೆ ಅದು. ಮೊನ್ನೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು ಮಡಿಲಿನ ಗಂಟು ಬಿಚ್ಚಿದಾಗ ಅದು ಥಟ್ಟನೆ ಮೂಗಿಗೆ ಬಡಿಯಿತು. ನಾನು ಹತ್ತಬೇಕಾದ ಬಸ್ಸು ಬಂದು ನಿಂತು, ಕಂಡಕ್ಟರ್ ಊರುಗಳ ಹೆಸರೆಲ್ಲ ಕೂಗಿ, ಹೊರಟೂ ಹೋಯಿತು. ನಾನು ಮಾತ್ರ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಎಂಟು ವರ್ಷದ ಹುಡುಗಿಯಾಗಿ ಕಂಬಕ್ಕೆ ಆತು ನಿಂತಿದ್ದೆ.

ನೆನಪಿನಲ್ಲಿ ಆ ಮನೆಗೆ ಯಾವಾಗಲೂ ಬೆಳಗಿನ ಒಂಬತ್ತು ಗಂಟೆ. ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ರೊಟ್ಟಿಯಷ್ಟು ಅಗಲ ಬಿದ್ದಿದೆ, ಅದರೊಳಗೆ ಹತ್ತಿಯ ಎಳೆಗಳೂ ಧೂಳೂ ಅವಸರವಿಲ್ಲದೆ ತೇಲುತ್ತಿವೆ. ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ದೊಡ್ಡವ್ವನದು. ಬೀದಿಗೆ ಮುಖ ಮಾಡಿದ ಖೋಲಿಯನ್ನು ಅವಳು ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದಳು. ಆಗ ಮೂವರಿದ್ದರು. ಅವರ ಊಟ ಅವರವರ ಊರಿನಿಂದಲೇ ಬರಬೇಕು. ನಸುಕಿನಲ್ಲಿ ಅವ್ವಂದಿರು ರೊಟ್ಟಿ ಬಡಿದು, ಪಲ್ಯ ಚಟ್ನಿ ಇಟ್ಟು, ಬಟ್ಟೆಯಲ್ಲಿ ಕಟ್ಟಿ ಬಸ್ಸಿನ ಕೈಗೆ ಕೊಡುತ್ತಿದ್ದರು. ಚೀಟಿ ಇಲ್ಲ, ಹೆಸರಿಲ್ಲ, ಬಟ್ಟೆಯ ಬಣ್ಣವೇ ಗುರುತು. ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಬೆಚ್ಚಗೆ ಕುಳಿತು ಬಂದ ಆ ಗಂಟುಗಳನ್ನು ಹುಡುಗಿಯರು ನಿಲ್ದಾಣದಿಂದ ಎತ್ತಿಕೊಂಡು ಬರುವಾಗ ನಾನೂ ಬಾಲದ ಹಾಗೆ ಹಿಂದೆ ಇರುತ್ತಿದ್ದೆ. ಸಂಜೆಯ ಬಸ್ಸಿಗೆ ಬಟ್ಟೆ ವಾಪಸು ಹೋಗಬೇಕು. ಆದರೆ ಖಾಲಿ ಹೋಗಕೂಡದು, ಅದು ದೊಡ್ಡವ್ವನ ಕಟ್ಟುನಿಟ್ಟು. ಒಂದು ಚೂರು ಬೆಲ್ಲವೋ, ನಾಲ್ಕು ಶೇಂಗಾವೋ, ಏನೂ ಇಲ್ಲದ ದಿನ ಹಿತ್ತಲಿನ ಕರಿಬೇವಿನ ಒಂದು ಎಸಳೋ ಅದರಲ್ಲಿ ಇರಲೇಬೇಕು. ಮರೆತು ಖಾಲಿ ಬಟ್ಟೆ ಮಡಿಚಿದ ಹುಡುಗಿಗೆ ಅವತ್ತು ದೊಡ್ಡವ್ವನ ಬಾಯಿಂದ ಸರಿಯಾದ ಮಂಗಳಾರತಿ ಆಗುತ್ತಿತ್ತು.

ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬುತ್ತಿ ಮಾತ್ರ ಚೆನ್ನಾಗಿ ಓದುತ್ತಿದ್ದಳು. ರೊಟ್ಟಿ ದಪ್ಪಗಿದ್ದರೆ ಅವ್ವ ಅವಸರದಲ್ಲಿದ್ದಾಳೆ, ಹೊಲದ ಕೆಲಸ ಜೋರಾಗಿದೆ. ಸಿಹಿ ಮಾದಲಿ ಬಂದರೆ ಮನೆಗೆ ಬೀಗರು ಬಂದಿದ್ದಾರೆ. ಚಟ್ನಿ ಕಣ್ಣಲ್ಲಿ ನೀರು ಬರುವಷ್ಟು ಖಾರವಾಗಿದ್ದರೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದಿದೆ. ಹುಡುಗಿಯರು ನಗುತ್ತಿದ್ದರು, ಆದರೆ ಶನಿವಾರ ಊರಿಗೆ ಹೋಗಿ ಬಂದು, ಹೇಳಿದ್ದೆಲ್ಲ ಖರೆ ಎಂದು ಒಪ್ಪಿಕೊಳ್ಳುತ್ತಿದ್ದರು. ನಾನಂತೂ ದೊಡ್ಡವ್ವನಿಗೆ ಯಾವುದೋ ಮಂತ್ರ ಗೊತ್ತಿದೆ ಎಂದೇ ಬಹಳ ದಿನ ನಂಬಿದ್ದೆ.

ಮೂವರಲ್ಲಿ ನೀಲವ್ವ ಹತ್ತನೆಯ ತರಗತಿಯವಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಓದುವಾಗ ತುಟಿ ಅಲ್ಲಾಡಿಸುವ ರೂಢಿ. ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರಿನಲ್ಲಿ ಅವರ ಊರು ಮುಳುಗಿತ್ತು. ಸರಕಾರ ಎತ್ತರದ ಎರೆಭೂಮಿಯಲ್ಲಿ ಸಾಲಾಗಿ ಜಾಗ ಕೊಟ್ಟಿತ್ತು. ಅದಕ್ಕೆ ಹೆಸರೂ ಕೂತಿರಲಿಲ್ಲ, ಎಲ್ಲರೂ ಹೊಸ ಊರು ಎನ್ನುತ್ತಿದ್ದರು. ನೀಲವ್ವನ ತಾಯಿ ಪಾರವ್ವ ಹಳೆಯ ಮನೆಯ ಬಾಗಿಲ ಚೌಕಟ್ಟು ಕಿತ್ತು ಬಂಡಿಗೆ ಹೇರುವತನಕ ಎಲ್ಲರಿಗಿಂತ ಗಟ್ಟಿಯಾಗಿದ್ದಳಂತೆ. ಹೊಸ ಊರಿಗೆ ಬಂದು ಒಲೆ ಹೂಡಿದ ಮೇಲೂ ವರ್ಷ ಎರಡು ವರ್ಷ ಎಲ್ಲ ಸರಿಯಿತ್ತು. ಆ ವರ್ಷದ ದಸರೆಯ ಹೊತ್ತಿಗೆ ಮಾತು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಗಾಳಿ ಸೋಂಕಿದೆ ಎಂದು ಯಾರೋ ಹೇಳಿ, ಕೊರಳಿಗೆ ತಾಯತವೂ ಬಂತು.

ಇದನ್ನೆಲ್ಲ ನೀಲವ್ವ ನಮಗೆ ಹೇಳಿರಲಿಲ್ಲ, ಬುತ್ತಿಯೇ ಹೇಳಿತು. ಮೊದಲು ಪಲ್ಯದಲ್ಲಿ ಉಪ್ಪು ಇರಲಿಲ್ಲ. ಆಮೇಲೆ ರೊಟ್ಟಿ ಅರೆಬೆಂದು ಬಂತು. ಒಂದು ದಿನ ಬಟ್ಟೆಯಲ್ಲಿ ಬರೀ ಜೋಳದ ಹಿಟ್ಟು. ನೀಲವ್ವ ಗಂಟನ್ನು ಎದೆಗೆ ಒತ್ತಿಕೊಂಡು ಹಿತ್ತಲಿಗೆ ಹೋಗುವುದು, ಸ್ವಲ್ಪ ಹೊತ್ತು ಬಿಟ್ಟು ಬಾಯಿ ಒರೆಸಿಕೊಂಡು ಬರುವುದು ರೂಢಿಯಾಯಿತು. ಎಲ್ಲದಕ್ಕೂ ಮೂಗು ತೂರಿಸುವ ನಾನು ಒಮ್ಮೆ ಹಿಂದೆ ಹೋದೆ. ಬಾವಿಯ ಕಟ್ಟೆಯ ಮೇಲೆ ಕುಳಿತು ಅವಳು ಹಸಿರು ಬಟ್ಟೆಯ ಗಂಟು ಬಿಚ್ಚಿದಳು. ನಾಲ್ಕು ಮೂಲೆ ನೀಟಾಗಿ ಕೂಡಿಸಿ, ತಾಯಂದಿರು ಬಿಗಿಯುವ ಹಾಗೆಯೇ ಬಿಗಿದ ಗಂಟು. ಒಳಗೆ ಒಂದು ಬಟ್ಟಲು. ಬಟ್ಟಲಲ್ಲಿ ಏನೂ ಇರಲಿಲ್ಲ. ನೀಲವ್ವ ಆ ಬಟ್ಟಲನ್ನು ಊಟ ಮಾಡಿದವರ ಹಾಗೆ ನೀರಿನಿಂದ ತೊಳೆದಳು. ಆ ವಯಸ್ಸಿನಲ್ಲಿ ನನಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಓಡಿಹೋಗಿ ದೊಡ್ಡವ್ವನಿಗೆ ಹೇಳಿಬಿಟ್ಟೆ.

ದೊಡ್ಡವ್ವ ನೀಲವ್ವನನ್ನು ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯ ರೊಟ್ಟಿ ಅವಳ ಮುಂದೆಯೂ ಬಂದು ಕೂತಿತು, ಅಷ್ಟೆ. ಸಂಜೆ ಮಾತ್ರ ನನ್ನನ್ನು ಕರೆದು ಅಂಗಳದ ಮೂಲೆ ತೋರಿಸಿದಳು. ಗೋಡೆ ಗಿಲಾವಿಗೆಂದು ಮಲಪ್ರಭೆಯಿಂದ ತರಿಸಿದ್ದ ಉಸುಕು ಅಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಅದರಲ್ಲಿನ ಸಣ್ಣ ಹಳ್ಳು, ಕಾಳಿನಷ್ಟು ದೊಡ್ಡ ಕಲ್ಲು, ಒಂದು ಹಿಡಿ ಆರಿಸಿಕೊಂಡು ಬಾ ಎಂದಳು. ತಂದೆ. ಅವನ್ನು ಒಂದು ಸೇರು ಹಸನಾದ ತೊಗರಿಬೇಳೆಗೆ ಸುರಿದು ಕಲಸಿದಳು! ನನಗೆ ತಲೆ ಕೆಟ್ಟಿತು. ಬೇಳೆ, ಮೇಲೆ ಎರಡು ಬಿಸಿ ರೊಟ್ಟಿ, ಇಷ್ಟನ್ನೂ ಹಸಿರು ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರನಿಗೆ ಹೇಳಿಕಳಿಸಿದಳು: "ಹೊಂಗಲದ ಅಕ್ಕಾರಿಗೆ ಕಣ್ಣ ಕಾಣವಲ್ವಂತ, ಬ್ಯಾಳಿ ಹಸನ ಮಾಡಿ ಕಳಸಬೇಕಂತ, ಅಂತ ಪಾರವ್ವಗ ಹೇಳ್ರಿ." ಮಬ್ಬುಗತ್ತಲಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಗಸಿನ ಕಣ್ಣು ಹಾಗೆ ಒಂದೇ ಸಂಜೆಯಲ್ಲಿ ಮಂಜಾಯಿತು.

ಮರುದಿನ ಬೇಳೆ ಹೋದ ಹಾಗೆಯೇ ವಾಪಸು ಬಂತು. ದೊಡ್ಡವ್ವ ಅದನ್ನೇ ಮತ್ತೆ ಕಟ್ಟಿ ಕಳಿಸಿದಳು. ಅದು ಮತ್ತೆ ಬಂತು. ಎಷ್ಟೋ ದಿನ ಆ ಒಂದೇ ಸೇರು ಬೇಳೆ ಬೈಲಹೊಂಗಲಕ್ಕೂ ಹೊಸ ಊರಿಗೂ ಸುಮ್ಮನೆ ತಿರುಗಾಡಿತು. ಕಂಡಕ್ಟರನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾರ, ಈ ಬ್ಯಾಳಿಗೆ ಒಂದು ಪಾಸ್ ಮಾಡಸ್ರಿ," ಎಂದ. ದೊಡ್ಡವ್ವ ನಗಲಿಲ್ಲ. "ಮನಷ್ಯಾಗ ಕೆಲಸ ತಪ್ಪಿದ್ರ ಕೈ ಸಾಯತಾವೋ ತಮ್ಮಾ. ಕೈ ಸತ್ತ ಮ್ಯಾಲ ಬಾಯಿ ಎಲ್ಲಿಂದ ಮಾತಾಡತೈತಿ?" ಎಂದಷ್ಟೇ ಹೇಳಿ ಗಂಟು ಅವನ ಕೈಗಿಟ್ಟಳು. ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಅದರ ಮೂಲೆಯಲ್ಲಿ ಒಂದು ಸಣ್ಣ ಗಂಟು. ಒಳಗೆ ಮೂರು ಹಳ್ಳು. ಮೂರೇ ಮೂರು. ದೊಡ್ಡವ್ವ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತುಬಿಟ್ಟಳು. ನೀಲವ್ವ ಶಾಲೆಗೆ ತಡವಾದರೂ ಪಕ್ಕದಿಂದ ಏಳಲಿಲ್ಲ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ದೊಡ್ಡವ್ವ ಹಿಗ್ಗಿ ಹೀರೇಕಾಯಿಯಾಗಿ ಮರುದಿನವೇ ಅರ್ಧ ಚೀಲ ಶೇಂಗಾಕಾಯಿ ಕಳಿಸಿದಳು, ಸುಲಿದು ಕೊಡಲಿ ಎಂದು. ಬುತ್ತಿ ಬರುವುದೇ ನಿಂತಿತು. ಮೂರು ದಿನ ಬಾನೆಟ್ಟಿನ ಮೇಲೆ ಹಸಿರು ಬಟ್ಟೆ ಇರಲಿಲ್ಲ. ನಾಲ್ಕನೆಯ ದಿನ ಬಂದದ್ದು ನೀಲವ್ವನ ಅಪ್ಪ ಅಡಿವೆಪ್ಪ, ಮಗಳನ್ನು ಕರೆದುಕೊಂಡು ಹೋಗಲು. ಮನೆಯಲ್ಲಿ ಒಲೆ ಹಚ್ಚುವವರಿಲ್ಲ, ಸಣ್ಣ ಹುಡುಗರಿಬ್ಬರು ಅನ್ನ ನೀರಿಲ್ಲದೆ ಕೂತಿದ್ದಾರೆ, ಇನ್ನು ಸಾಲಿ ಸಾಕು ಎಂದ. ಪರೀಕ್ಷೆಗೆ ಮೂರೂವರೆ ತಿಂಗಳಿತ್ತು. ನೀಲವ್ವ ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ.

"ತಪ್ಪ ನಂದ ಐತಿ, ನಾ ಅವಸರ ಮಾಡಿದೆ," ಎಂದಳು ದೊಡ್ಡವ್ವ. "ಆಕಿ ಈಗ ಹೆಂಗದಾಳ?"

"ಏನ ಹೇಳ್ಲಿರಿ ಅಕ್ಕಾರ, ನಿಮ್ಮ ಶೇಂಗಾದ ಚೀಲ ಮುಂದಿಟ್ಕೊಂಡು ಅಳಾಕ ಹತ್ಯಾಳ್ರಿ. ಹೊಲದಾಗ ಶೇಂಗಾ ಬೆಳೀತಿದ್ವಿ, ಅದ ನೆನಪ ಆತೋ ಏನೋ. ಮೂರ ದಿನಾ ಆತು."

"ಊರ ಬಿಡುವಾಗ ಅತ್ತಿದ್ದಳೇನು?"

ಅಡಿವೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇಲ್ರಿ. ಒಂದ ಹನಿ ಹಾಕಿರಲಿಲ್ಲ."

"ಹಂಗಾರ ಅಳಲಿ ಬಿಡ್ರಿ. ಚೀಲಾ ತಗೀಬ್ಯಾಡ್ರಿ. ನೀವೂ ಆಕಿ ಬಾಜೂಕ ಕುಂತು ಎರಡ ಕಾಯಿ ಸುಲೀರಿ. ಎಳ್ಳಮಾಸಿ ತನಕಾ ಈ ಹುಡುಗೀನ್ನ ನನಗ ಬಿಡ್ರಿ. ಅಷ್ಟರಾಗ ಏನೂ ಆಗಲಿಲ್ಲಂದ್ರ ನಾನ ಕರಕೊಂಡ ಬಂದು ಬಿಡತೇನಿ."

ಎಳ್ಳಮಾಸಿ ಎಂದರೆ ಎಳ್ಳ ಅಮಾವಾಸ್ಯೆ, ಹೊಲಕ್ಕೆ ಚರಗವೆಂದು ನೈವೇದ್ಯದ ಅಡುಗೆ ಚೆಲ್ಲುವ ಹಬ್ಬ. ಅದಕ್ಕೆ ಇದ್ದದ್ದು ಇಪ್ಪತ್ತೇ ದಿನ. ಅಡಿವೆಪ್ಪ ತಲೆ ಬಗ್ಗಿಸಿ ಒಪ್ಪಿಕೊಂಡು ಹೋದ. ಗಂಡಸರು ಶೇಂಗಾ ಸುಲಿಯುತ್ತಾ ಹೆಂಡತಿಯ ಪಕ್ಕ ಕೂರುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ, ಆದರೆ ಆತ ಕುಳಿತನಂತೆ. ಆ ಇಪ್ಪತ್ತು ದಿನ ನನ್ನ ನೆನಪಿನಲ್ಲಿ ಮಂಜಿನೊಳಗೆ ನಡೆದ ಹಾಗಿವೆ. ಬೆಳಿಗ್ಗೆ ಹತ್ತಿ ಬಂಡಿಗಳ ಗೆಜ್ಜೆ ಕೇಳುತ್ತಿತ್ತು, ಬಂಡಿ ಕಾಣುತ್ತಿರಲಿಲ್ಲ. ನಾವೆಲ್ಲ ನಿಲ್ದಾಣದಲ್ಲಿ ಶಾಲು ಹೊದ್ದು ನಿಂತು, ಆ ಬಿಳುಪಿನೊಳಗಿಂದ ಬಸ್ಸು ಮೂಡುವುದನ್ನೇ ಕಾಯುತ್ತಿದ್ದೆವು. ಕೆಲವು ದಿನ ಹಸಿರು ಬಟ್ಟೆ ಇರುತ್ತಿತ್ತು, ಕೆಲವು ದಿನ ಇಲ್ಲ. ಇದ್ದ ದಿನ ಒಂದು ಮುಷ್ಟಿ ಸುಲಿದ ಕಾಳು, ನಾಲ್ಕು ಹಳ್ಳು. ಖೋಲಿಯ ಉಳಿದಿಬ್ಬರು ಹುಡುಗಿಯರು ತಮ್ಮ ಬುತ್ತಿಯ ಒಳ್ಳೆಯ ರೊಟ್ಟಿಯನ್ನು ಯಾರೂ ಹೇಳದೆಯೇ ನೀಲವ್ವನ ತಾಟಿಗೆ ಹಾಕುತ್ತಿದ್ದರು, ಅವಳು ಮುಖ ತಿರುಗಿಸಿದರೆ ಗಣಿತದ ಲೆಕ್ಕ ಹೇಳಿಕೊಡು ಎಂದು ಪೀಡಿಸುತ್ತಿದ್ದರು. ಅವಳು ಅವರಿಗೆ ಲೆಕ್ಕ ಬಿಡಿಸಿ ಹೇಳುತ್ತಾ ತನ್ನ ಸಂಕಟ ಒಂದು ಗಳಿಗೆ ಮರೆಯುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಬಸ್ಸು ಬಂದಾಗ ಬಾನೆಟ್ಟಿನ ಮೇಲೆ ಏನೂ ಇರಲಿಲ್ಲ. ನೀಲವ್ವ ಹಿಂದೆ ತಿರುಗಿದಳು. ಆಗ ಬಸ್ಸಿನ ಹಿಂಬಾಗಿಲಿನಿಂದ, ಕೊರಳಲ್ಲಿ ತಾಯತ ಹಾಕಿಕೊಂಡ ಒಬ್ಬ ಬಡಕಲು ಹೆಂಗಸು ಹಸಿರು ಗಂಟನ್ನು ಕೂಸಿನಂತೆ ಅವಚಿಕೊಂಡು ಇಳಿದಳು. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ನಮ್ಮ ಕಡೆ ಅದು ರೂಢಿಯಿಲ್ಲ. ಪಾರವ್ವ ಮಗಳ ಜಡೆ ಎಳೆದು ನೋಡಿದಳು, "ಎಣ್ಣಿ ಹಚ್ಚಿಲ್ಲ," ಎಂದಳು. ಅಷ್ಟು ತಿಂಗಳ ಮೇಲೆ ನೀಲವ್ವ ಕೇಳಿದ ಅವ್ವನ ದನಿ ಅದು. ಅವಳು ನಡುಬೀದಿಯಲ್ಲಿ ಗಳಗಳನೆ ಅತ್ತಳು.

ಮನೆಗೆ ಬಂದ ಪಾರವ್ವ ಹಾಸಿದ ಚಾಪೆಯ ಮೇಲೆ ಕೂರಲಿಲ್ಲ. ನೇರ ದೊಡ್ಡವ್ವನ ಮುಂದೆ ನಿಂತು ಸೆರಗಿನ ತುದಿ ಬಿಚ್ಚಿ ಒಂದು ಹಿಡಿ ಹಳ್ಳು ನೆಲಕ್ಕೆ ಸುರಿದಳು. "ಅಂಗಡಿ ಬ್ಯಾಳ್ಯಾಗ ಇಂಥಾ ನುಣ್ಣನ ಹೊಳಿ ಹಳ್ಳು ಎಲ್ಲಿಂದ ಬರತಾವ್ರಿ ಅಕ್ಕಾರ? ನಾ ಹೊಳಿ ದಂಡ್ಯಾಗ ಹುಟ್ಟಿದಾಕಿ. ನನಗ ಗೊತ್ತಾಗೂದಿಲ್ಲಂತ ತಿಳಕೊಂಡ್ರ್ಯಾ?"

ನಾನು ಕಂಬದ ಹಿಂದೆ ಸರಿದೆ. ಜೀವನದಲ್ಲಿ ಒಮ್ಮೆಯೂ ಮಾತಿಗೆ ಸೋಲದ ದೊಡ್ಡವ್ವ ತಡವರಿಸಿ, ಕೊನೆಗೆ, "ಸಿಕ್ಕಬಿದ್ದೆ ನೋಡವಾ ಪಾರವ್ವಾ," ಎಂದು ನಕ್ಕಳು. ಪಾರವ್ವ ನಗಲಿಲ್ಲ. ಆದರೆ ಅಡುಗೆಮನೆಗೆ ಹೋಗಿ, ಕೊಣಮಿಗೆಯ ಮರದ ಪಾತ್ರೆ ಎಳೆದುಕೊಂಡು, ಹಿಟ್ಟು ನಾದಲು ಕುಳಿತಳು. ಆ ಮಧ್ಯಾಹ್ನ ನಮ್ಮ ಮನೆಯ ತುಂಬ ಎರಡು ಬಗೆಯ ರೊಟ್ಟಿ ಬಡಿಯುವ ಸದ್ದು ಇತ್ತು.

ಪಾರವ್ವ ಪೂರ್ತಿ ನೆಟ್ಟಗಾದಳೆಂದು ಹೇಳಲಾರೆ. ಆಮೇಲೂ ಉಪ್ಪಿಲ್ಲದ ದಿನಗಳು ಬಂದವು, ಬಟ್ಟೆ ಬಾರದ ದಿನಗಳೂ ಬಂದವು. ಆದರೆ ನೀಲವ್ವ ಶಾಲೆ ಬಿಡಲಿಲ್ಲ. ಪರೀಕ್ಷೆ ಬರೆದು, ಪಾಸಾಗಿ, ಟೀಚರ್ ತರಬೇತಿ ಮುಗಿಸಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಕಲಿಸಿದಳು. ಕೊನೆಯತನಕ ಅವ್ವನನ್ನು ತನ್ನ ಜೊತೆ ಇಟ್ಟುಕೊಂಡಳು. ನಮ್ಮ ಮನೆ ಮಾತ್ರ ಉಳಿಯಲಿಲ್ಲ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಮಾರಾಟವಾಗಿ, ಬೆಳಕಿಂಡಿ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮಳಿಗೆ ಇದೆ.

ದೊಡ್ಡವ್ವ ತನ್ನ ಕೊನೆಯ ಎರಡು ವರ್ಷ ಹುಬ್ಬಳ್ಳಿಯ ನನ್ನ ಮನೆಯಲ್ಲಿದ್ದಳು. ನಾನು ಹೊತ್ತು ಹೊತ್ತಿಗೆ ಊಟ ಕೊಟ್ಟೆ, ಗುಳಿಗೆ ಕೊಟ್ಟೆ, ಮೆತ್ತನೆಯ ಹಾಸಿಗೆ ಹಾಕಿದೆ. ಅವಳು ಏಳಲು ಹೋದರೆ, "ನೀ ಆರಾಮ ಕುಂದರು ದೊಡ್ಡವ್ವಾ, ಎಲ್ಲಾ ನಾ ನೋಡ್ಕೋತೇನಿ," ಎನ್ನುತ್ತಿದ್ದೆ. ಪ್ರೀತಿಯಿಂದಲೇ ಹೇಳಿದ್ದು. ಅವಳ ಮಾತು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಯಿತು. ವಯಸ್ಸಾಯಿತಲ್ಲ ಎಂದುಕೊಂಡೆ. ಡಾಕ್ಟರರೂ ಹಾಗೇ ಅಂದರು.

ಅವಳು ತೀರಿಕೊಂಡ ಮೂರನೆಯ ದಿನ ನೀಲವ್ವ ಬಂದಳು, ಕೂದಲೆಲ್ಲ ಬಿಳಿ. ದೊಡ್ಡವ್ವನ ಖಾಲಿ ಮಂಚದ ಪಕ್ಕ ಕುಳಿತು, ಮೆಲ್ಲಗೆ ಕೇಳಿದಳು. "ಕಡೀಕ ಅವರ ಕೈಯಾಗ ಏನ ಕೆಲಸಾ ಕೊಟ್ಟಿದ್ದಿ?"

ನಾನು ಏನೂ ಇಲ್ಲ ಎಂದೆ. ಅವಳು ಬೈಯಲಿಲ್ಲ. ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಕಿಟಕಿಯ ಆಚೆ ನೋಡುತ್ತ ಕುಳಿತಳು.