ಹಿಟ್ಟಿನ ಕೈ ಜಾರಲಿಲ್ಲ

ಹುಲಿಗೀ, ಅವತ್ತು ನಿನ್ನ ಕೂಸು ನನ್ನ ಕೈಯಿಂದ ಜಾರಲಿಲ್ಲ. ನಾನೇ ಬಿಟ್ಟೆ. ಬೇಕಂತಲೇ ಬಿಟ್ಟೆ.

ಇಪ್ಪತ್ತೆರಡು ವರ್ಷ ಎಲ್ಲರಿಗೂ ಒಂದೇ ಕಥೆ ಹೇಳಿಕೊಂಡು ಬಂದೆ — ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು, ಕೂಸು ಜಾರಿಬಿಟ್ಟಿತು ಅಂತ. ಅತ್ತೆ ನಂಬಿದರು, ನನ್ನ ಗಂಡ ನಂಬಿದ, ನೀನೂ ನಂಬಿದೆ. ನೀನು ನಂಬಿದ್ದೇ ನನ್ನನ್ನು ಹೆಚ್ಚು ಸುಡುತ್ತದೆ. ಮನೆಯವರೆಲ್ಲ ಸುತ್ತುವರಿದು ನಿನ್ನನ್ನು ಬೈಯುತ್ತಿದ್ದಾಗಲೂ ನೀನು, "ಅಕ್ಕಗ ಏನೂ ಅನಬ್ಯಾಡ್ರಿ, ಹಿಟ್ಟಿನ ಕೈ ಇತ್ತು" ಅಂದೆ. ನನ್ನ ಪರವಾಗಿ ಅಂದೆಯಲ್ಲೇ, ಮಾರಾಯ್ತಿ!

ನಿನಗೆ ಓದಲು ಬಾರದು. ಇದನ್ನು ಓದಿ ಹೇಳುತ್ತಿರುವವನು ಪಂಪಣ್ಣ — ಆ ಕೂಸೇ. ಇವತ್ತು ಬೆಳಿಗ್ಗೆ ಅವನಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದೇನೆ. ಆದರೂ ಕಾಗದದಲ್ಲಿ ಬರೆಯುತ್ತೇನೆ. ನನ್ನ ನಾಲಿಗೆ ಎಂಥದು ಅಂತ ನನಗೆ ಗೊತ್ತು. ಎದುರಿಗೆ ನಿಂತರೆ ಮಾತು ತಿರುಗಿಸಿಬಿಟ್ಟೇನು.

ಕಾಲುವೆ ನೀರು ಬಂದ ಮೇಲೆ ನಮ್ಮ ಮನೆಯವರು ಕೂತು ಉಣ್ಣುವಂತಾದರು ಅಂತ ನಮ್ಮೂರು ಚಿತ್ತವಾಡ್ಗಿಯ ಜನ ಅನ್ನುತ್ತಿದ್ದರು. ಕೂತವರು ಯಾರು? ನೀರಿನಿಂದ ಕಬ್ಬು ಹೆಚ್ಚಾಯಿತು, ಕಬ್ಬಿಗೆ ಆಳು ಹೆಚ್ಚಾದರು, ಆಳಿಗೆ ರೊಟ್ಟಿ ಹೆಚ್ಚಾದವು. ದಿನಕ್ಕೆ ಐವತ್ತು, ಅರವತ್ತು. ನೀನು ಸಣ್ಣ ಸೊಸೆಯಾಗಿ ಬಂದ ಮೇಲೆ ನನಗೆ ಉಸಿರು ಬಂತು. ನೀನು ನಾದಿ ಕೊಟ್ಟರೆ ನಾನು ಬಡಿಯುವುದು, ನಾನು ಬಡಿದರೆ ನೀನು ಬೇಯಿಸುವುದು. ಎಷ್ಟು ನಗುತ್ತಿದ್ದೆವು ಒಲೆ ಮುಂದೆ — ನೆನಪಿದೆಯೋ ಇಲ್ಲವೋ ನಿನಗೆ.

ಆ ವರ್ಷ ಬೆಲ್ಲಕ್ಕೆ ಇಂಜಿನ್ ಗಾಣ ಹೂಡಿದ್ದೆವು. ನೀನೂ ಆಳಿನ ದುರ್ಗಮ್ಮನೂ ಅದಕ್ಕೆ ಕಬ್ಬು ಕೊಡುತ್ತಿದ್ದಿರಿ. ಕಬ್ಬಿನ ಜೊತೆಗೇ ದುರ್ಗಮ್ಮನ ಕೈ ಒಳಗೆ ಹೋಯಿತು. ಇಂಜಿನ್ ನಿಲ್ಲುವವರೆಗೂ ನೀನು ಬಲಗೈಯಿಂದ ಅವಳ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗುತ್ತ ನಿಂತೆ. ಅವಳ ನಾಲ್ಕು ಬೆರಳು ಹೋದವು, ಜೀವ ಉಳಿಯಿತು. ನೀನು ಅಳಲಿಲ್ಲ. ಮನೆಗೆ ಬಂದು ರಕ್ತದ ಸೀರೆ ಒಗೆದು ಹಾಕಿ ನನ್ನ ಪಕ್ಕ ರೊಟ್ಟಿಗೆ ಕೂತೆ. ಗಟ್ಟಿ ಹೆಣ್ಣು ಅಂದುಕೊಂಡೆ. ನಾಲ್ಕನೆಯ ದಿನ, ನಾದುತ್ತಿದ್ದ ಹಿಟ್ಟಿನ ಮೇಲೆ ನಿನ್ನ ಬಲಗೈ ಧೊಪ್ಪನೆ ಬಿತ್ತು. "ಅಕ್ಕಾ, ಕೈ ಏಳವಲ್ದು" ಅಂದೆ.

ಡಾಕ್ಟರು ಎಲುಬಿನ ಫೋಟೋ ತೆಗೆಸಿದರು. ಸೂಜಿ ಚುಚ್ಚಿ ನೋಡಿದರು. ಎಲುಬು ಸರಿ, ನರ ಸರಿ, "ಏನೂ ಇಲ್ಲ" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಏನೂ ಇಲ್ಲ ಅಂದಮೇಲೆ ಕೈ ಯಾಕೆ ಏಳದು? ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದೇ ಉತ್ತರ ಇತ್ತು. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ," ಅಂತ ಅತ್ತೆ ನಿನಗೆ ಕೇಳುವ ಹಾಗೇ ಅನ್ನುತ್ತಿದ್ದರು, "ಈಕಿಗೆ ಕೆಸರಿಲ್ದನ ಮೊಸರು!"

ನಿನ್ನ ಗಂಡ ಜಂಬಣ್ಣ ಒಬ್ಬನೇ ಹಾಗೆ ಅನ್ನಲಿಲ್ಲ. ಸಂಡೂರಿನ ಅದಿರು ಹೊಡೆಯುವ ಲಾರಿ ಡ್ರೈವರ್, ಅಂಥ ಒರಟು ಕೈ, ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ನಿನಗೆ ಜಡೆ ಹಾಕುತ್ತಿದ್ದ. ಸೊಟ್ಟ ಜಡೆ. ಓಣಿಯವರೆಲ್ಲ ನಗುತ್ತಿದ್ದರು, ಅವನು ಕ್ಯಾರೇ ಅನ್ನಲಿಲ್ಲ.

ಮೂರು ತಿಂಗಳು ನಾನೊಬ್ಬಳೇ ರೊಟ್ಟಿ ಬಡಿದೆ. ಅಂಗೈ ಊದಿಕೊಂಡು ಬಳೆ ಏರುತ್ತಿರಲಿಲ್ಲ. ಒಲೆಯ ಮುಂದೆ ಬೇಯುತ್ತ ಹೊರಗೆ ನೋಡಿದರೆ — ನೀನು ಕೂತಿರುತ್ತಿದ್ದೆ, ನಿನಗೆ ಜಡೆ ಹಾಕುವ ಗಂಡ. ನನಗೆ ಗಂಡುಮಗು ಇಲ್ಲ ಅಂತ ನಿನ್ನ ಕೂಸಿನ ಆಸೆಗೆ ಮಾಡಿದೆ ಅಂತ ಯಾರಾದರೂ ಅಂದಾರು. ಅಲ್ಲ. ಅಷ್ಟು ದೊಡ್ಡ ಕಾರಣವೂ ನನಗಿರಲಿಲ್ಲ. ರೊಟ್ಟಿಯ ಸಿಟ್ಟಿಗೆ ಮಾಡಿದೆ.

ಅವತ್ತು ಬೆಳಿಗ್ಗೆ ಜಂಬಣ್ಣ ಜಡೆ ಮುಗಿಸಿ ಬಾಚಣಿಗೆ ಹಿಡಿದುಕೊಂಡೇ ನಿಂತಿದ್ದ, ನೀನೂ ಕಟ್ಟೆಯಿಂದ ಎದ್ದು ನಿಂತಿದ್ದೆ. ಅತ್ತೆ ಬಾಗಿಲಲ್ಲಿ ಕೂತಿದ್ದರು. ನಿನ್ನ ಹತ್ತು ತಿಂಗಳ ಕೂಸು ಒಲೆಯ ಹತ್ತಿರ ಬಂದಿತ್ತು, ಎತ್ತಿಕೊಂಡು ಹೊರಗೆ ಬಂದೆ. ದಿನಾ ನಿನ್ನ ಎಡ ಸೊಂಟಕ್ಕೆ ಕೂರಿಸಿ, ಎಡಗೈ ಬಳಸಿದ್ದು ನೋಡಿ ಬಿಡುತ್ತಿದ್ದೆ. ಅವತ್ತು ಬಲಕ್ಕೆ ಹೋದೆ. ಕೆಳಗೆ ಹಾಸುಬಂಡೆ. "ಹಿಡಿ" ಅಂದೆ — ಬಿಟ್ಟೆ.

ನಿನ್ನ ಬಲಗೈ ಎದ್ದಿತು! ಮೂರು ತಿಂಗಳು ತಟ್ಟೆಯ ಅನ್ನ ಕಲಸದ ಕೈ, ಗಾಳಿಯಲ್ಲೇ ಕೂಸಿನ ಬೆನ್ನಿಗೆ ಹೋಗಿ, ಅವುಚಿ ಎದೆಗೆ ಎಳೆದುಕೊಂಡಿತು. ಕೂಸು ಅಳಲೂ ಇಲ್ಲ.

"ನೋಡ್ರಿ, ನೋಡ್ರಿ! ಎದ್ದೈತಿ ಕೈ!" ಅಂತ ಅತ್ತೆ ಕೂಗಿದರು. "ಮೂರು ತಿಂಗಳು ನಮ್ಮನ್ನೆಲ್ಲ ಕುಣಿಸ್ಯಾಳ ಹಲ್ಕಟ್ಟು!"

ಎಲ್ಲರೂ ನಿನ್ನ ಕೈ ನೋಡಿದರು. ನಾನು ಹತ್ತಿರ ಇದ್ದೆ, ನಿನ್ನ ಮುಖ ನೋಡಿದೆ. ಹುಲಿಗೀ, ನಾನು ಮುಚ್ಚಿಟ್ಟದ್ದು ಇದನ್ನೇ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು, ಅದು ಅಂಥ ಮುಖವಲ್ಲ. ನೀನು ನಮ್ಮೆಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದಿದ್ದೆ. ಆ ಕೈ ಯಾರದೋ ಅನ್ನುವಂತೆ ಅದನ್ನೇ ನೋಡುತ್ತಿದ್ದೆ. ಆಮೇಲೆ ಅದು ಮೆಲ್ಲಗೆ ಸೋತು ಬರುತ್ತಿದ್ದಂತೆ, ಕೂಸು ಬಿದ್ದೀತೆಂದು ಗೋಡೆಗೆ ಬೆನ್ನು ಒತ್ತಿ ಜಾರಿ ಕೂತೆ, ಮಡಿಲು ಕೊಟ್ಟೆ. ನಾಟಕದವಳಿಗೆ ಆ ಭಯ ಎಲ್ಲಿಂದ ಬರಬೇಕು?

ನೀನು ನನ್ನನ್ನೇ ಕೇಳಿದೆ. "ಅಕ್ಕಾ, ನಾ ಎತ್ತಲಿಲ್ಲ. ತಾನ ಎದ್ದೈತಿ. ನೀ ನೋಡಿದಿ ಅಲ್ಲ? ಹೇಳಕ್ಕಾ."

ನಾನು ನಿನ್ನ ನಾಟಕ ಹಿಡಿದವಳ ಹಾಗೆ ಹೇಳಿದೆ: "ನೋಡೀನವ್ವಾ. ಚೊಲೋತ್ನಾಗ ನೋಡೀನಿ."

ಥೂ ನನ್ನ ಬಾಯಿಗೆ. ಜಂಬಣ್ಣ ಬಾಚಣಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು ಲಾರಿಗೆ ಹೋದ. ಮತ್ತೆ ನಿನಗೆ ಜಡೆ ಹಾಕಲಿಲ್ಲ. ವಾರದೊಳಗೆ ನಿನ್ನನ್ನು ಗಾದಿಗನೂರಿನ ತವರಿಗೆ ಕಳಿಸಿದರು. ಕೂಸನ್ನು ಕೊಡು ಅಂತ ನೀನು ಅತ್ತಾಗ ಅತ್ತೆ, "ಕೈ ಇಲ್ದಾಕಿ ಹ್ಯಾಂಗ ಸಾಕ್ತಿ?" ಅಂದರು. ದುಡಿಮೆಗೆ ಬಂದಾಗ ನಿನಗೆ ಕೈ ಇತ್ತು, ಕೂಸಿಗೆ ಬಂದಾಗ ಇರಲಿಲ್ಲ. ಆ ಅನ್ಯಾಯ ನನಗೆ ಆಗಲೇ ಹೊಳೆದಿತ್ತು. ಕೂಸು ನನ್ನ ಕಂಕುಳಲ್ಲಿತ್ತು. ಎತ್ತಿಕೊಂಡು ಒಳಗೆ ಹೋದೆ.

ಹೋದ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದೆವು. ಪಕ್ಕದ ಮಂಚದಲ್ಲಿ ಒಬ್ಬ ಹುಡುಗಿ, ಒಂದು ಕಾಲು ಏಳುತ್ತಿರಲಿಲ್ಲ. ಡಾಕ್ಟರು ಆ ಕಾಲಿನ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು, ಇನ್ನೊಂದು ಕಾಲನ್ನು ಎತ್ತು ಅಂದರು. ಅವಳು ಎತ್ತಿದಳು. ಆಗ ಆ ಬಾರದ ಕಾಲು ತಾನಾಗಿ ಅವರ ಅಂಗೈಯನ್ನು ಒತ್ತಿತಂತೆ. ನಾನು ಮನಸ್ಸಿನಲ್ಲೇ, ಸಿಕ್ಕಿಬಿದ್ದಳು ಅಂದುಕೊಂಡೆ. ಡಾಕ್ಟರು ಅವಳ ತಾಯಿಗೆ ಹೇಳಿದರು: "ನೋಡಿದ್ರಾ ಅಮ್ಮಾ, ನಿಮ್ಮ ಮಗಳು ಸುಳ್ಳು ಹೇಳ್ತಿಲ್ಲ. ಎತ್ತಬೇಕು ಅಂದಾಗ ಬರಲ್ಲ, ಗಮನ ಬೇರೆ ಕಡೆ ಹೋದಾಗ ತಾನಾಗೇ ಬರುತ್ತೆ. ಈ ಕಾಯಿಲೆಯ ಗುರುತೇ ಇದು. ಮನಸ್ಸಿಗೆ ಬಿದ್ದ ಪೆಟ್ಟು ಹೀಗೂ ಕಾಣಿಸಿಕೊಳ್ಳುತ್ತೆ. ಕಾಲು ಸತ್ತಿಲ್ಲ, ಮೆಲ್ಲಗೆ ಕಲಿಸಿದರೆ ವಾಪಸ್ ಬರುತ್ತೆ."

ಯಾವುದನ್ನು ತೋರಿಸಿ ನಿನ್ನನ್ನು ಸುಳ್ಳಿ ಅಂದಿದ್ದೆವೋ, ಅದನ್ನೇ ತೋರಿಸಿ ಅವರು ಆ ಹುಡುಗಿಯನ್ನು ಸತ್ಯವಂತೆ ಅಂದರು. ಅವಳ ತಾಯಿ ಅತ್ತು ಮಗಳ ಕಾಲು ನೀವಿದಳು. ಅವತ್ತು ನಮ್ಮ ಕಟ್ಟೆಯ ಮೇಲೆ ಯಾರಾದರೂ ಒಬ್ಬರು ನಿನ್ನ ಕೈ ನೀವಿದ್ದರೆ — ನಾನು ನೀವಿದ್ದರೆ...

ಆಸ್ಪತ್ರೆಯಿಂದ ಬಂದ ಮೇಲೆ ಹೇಳಿಬಿಡಬೇಕೆಂದು ಗಾದಿಗನೂರಿಗೆ ಬಂದಿದ್ದೆ. ನೀನು ನನ್ನನ್ನು ನೋಡಲಿಲ್ಲ. ನೀನು ಎಡಗೈಯಲ್ಲಿ ಕೊಡ ಹಿಡಿದು ಬರುತ್ತಿದ್ದೆ. ಓಣಿಯ ಹುಡುಗರು "ಹಿಡಿಯವ್ವಾ!" ಅಂತ ನಿನ್ನ ಬಲಗಡೆಗೆ ಹುಣಿಸೆಕಾಯಿ ಎಸೆದರು, ಕೈ ಎದ್ದೀತೇ ನೋಡೋಣ ಅಂತ. ನೀನು ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಒಳಕ್ಕೆ ಸುತ್ತಿಕೊಂಡೆ. ನಿಮ್ಮ ಪಕ್ಕದ ಮನೆಯವಳು ಹೇಳಿದಳು — ಆ ಕೈ ಒಂದು ದಿನ ಲೋಟ ಎತ್ತುತ್ತದಂತೆ, ಮರುದಿನ ಇಲ್ಲವಂತೆ; ಎದ್ದ ದಿನ ಯಾರಿಗೂ ಕಾಣದಂತೆ ಮುಚ್ಚಿಡುತ್ತೀಯಂತೆ. ನಾನು ಶುರುಮಾಡಿದ ಪರೀಕ್ಷೆ ನಿನ್ನ ಬೆನ್ನು ಹತ್ತಿ ತವರಿಗೂ ಹೋಗಿದೆ. ನನಗೆ ಮುಖ ತೋರಿಸಲು ಧೈರ್ಯ ಬರಲಿಲ್ಲ. ಅದೇ ಬಸ್ಸಿಗೆ ತಿರುಗಿ ಬಂದೆ.

ಈಗ ಪಂಪಣ್ಣನಿಗೆ ಮದುವೆ ಗೊತ್ತಾಗಿದೆ. ಹಂಪಿಯಲ್ಲಿ ಸೈಕಲ್ ಬಾಡಿಗೆ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಹುಡುಗ. ನಿನ್ನೆ ಲಗ್ನಪತ್ರಿಕೆ ಬರೆಸಲು ಕೂತಾಗ, "ಆ ನಾಟಕದಾಕಿ ಹೆಸ್ರು ಬ್ಯಾಡ ದೊಡ್ಡವ್ವ, ನಿನ್ನ ಹೆಸ್ರು ಹಾಕ್ಸು" ಅಂದ. ಆ ಮಾತನ್ನು ಅವನು ಎಲ್ಲಿ ಕಲಿತ? ನನ್ನ ಒಲೆಯ ಮುಂದೆ, ನನ್ನ ರೊಟ್ಟಿ ತಿನ್ನುತ್ತ ಕಲಿತ.

ಅದಕ್ಕೇ ಬೆಳಿಗ್ಗೆ ಹೇಳಿದೆ. ಬಿಟ್ಟದ್ದು, ನೋಡಿದ್ದು, ಅಂದದ್ದು. ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ಒಂದೇ ಕೇಳಿದ.

"ಯಾವ ಕೈ, ದೊಡ್ಡವ್ವ?"

"ಬಲಗೈ" ಅಂದೆ.

ಕ್ಷಮಿಸು ಅಂತ ಬರೆಯುವುದಿಲ್ಲ, ಕೇಳುವ ಮುಖ ನನಗಿಲ್ಲ. ಪತ್ರಿಕೆಯಲ್ಲಿ ತಾಯಿ ಅಂತ ನಿನ್ನ ಹೆಸರೇ ಬರುತ್ತದೆ. ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ, ಜಂಬಣ್ಣನೂ ಇದ್ದಾನೆ. ಅವರಿಬ್ಬರನ್ನೂ ಅದೇ ಕಟ್ಟೆಯ ಮೇಲೆ ಕೂರಿಸಿ, ಓಣಿಯವರನ್ನು ಕರೆದು, ಈ ಕಾಗದದಲ್ಲಿರುವುದನ್ನೆಲ್ಲ ನಾನೇ ಹೇಳುತ್ತೇನೆ. ಆಮೇಲೆ ನನ್ನನ್ನು ಏನಾದರೂ ಅನ್ನಲಿ.

ಇದನ್ನು ಓದಿ ಮುಗಿಸಿದ ಮೇಲೆ ನಿನ್ನ ಮಗ ನಿನ್ನ ಬಲಗೈ ಕೇಳುತ್ತಾನೆ. ಅವನು ಏನನ್ನೂ ಎಸೆಯುವುದಿಲ್ಲ, ಹುಲಿಗೀ. ಸೆರಗಿನಿಂದ ತೆಗೆದು ಕೊಡು. ಎದ್ದರೆ ಏಳಲಿ. ಏಳದಿದ್ದರೆ ಅವನೇ ಎತ್ತಿಕೊಳ್ಳುತ್ತಾನೆ.