ಸಾಹೇಬರಿಗೆ ಕನ್ನಡ ಕಲಿಸಿದ್ದು

ಶಿರಸಿಯ ಜಂಗಲ್ ಕಚೇರಿಯಲ್ಲಿ ಮರಾಠಿ ಮಾತಿನ ಹೆಡ್ ಕ್ಲಾರ್ಕ್ ಒಬ್ಬರಿದ್ದರು. ಕಾನಸೂರಿನ ನಮ್ಮ ಕೊಟ್ಟಿಗೆಯ ಮಾಡು ಕುಸಿದಾಗ ಅಪ್ಪಯ್ಯ ನಾಟಾ ಮರ ಬೇಕೆಂದು ಬರೆದ ಅರ್ಜಿ, ಕನ್ನಡ ನಾಡು ಒಂದಾಗುವ ಮೊದಲಿನಿಂದಲೂ ಅವರ ಮೇಜಿನ ಮೇಲೆ ಮಲಗಿತ್ತು. ಎರಡು ಮಳೆಗಾಲ ಆಕಳುಗಳು ನೆನೆದವು. ಕೇಳಲು ಹೋದಾಗಲೆಲ್ಲ ಸಾಹೇಬರು “ಕಾನಡೀ ಯೇತ ನಾಹೀ” ಎಂದು, ತಮಗೆ ಕನ್ನಡ ಬಾರದಿರುವುದು ನಮ್ಮದೇ ತಪ್ಪೆಂಬಂತೆ ಮುಖ ಗಂಟಿಕ್ಕುತ್ತಿದ್ದರು.

ಆಮೇಲೆ ಅವರಿಗೂ ಬಿಸಿ ತಟ್ಟಿತು. ಕನ್ನಡ ಪರೀಕ್ಷೆ ಪಾಸಾಗದೆ ಬಡ್ತಿಯಿಲ್ಲವೆಂದು ಹೊಸ ಸರಕಾರದ ಹುಕುಂ ಬಂತು. ನಾನಾಗ ಪ್ರಾಥಮಿಕ ಶಾಲೆಯ ಮಾಸ್ತರ. ಕೊಂಕಣಿ ಮನೆಗಳ ಮಕ್ಕಳಿಗೆ ಅಭಿನಯದ ಆಟ ಆಡಿಸಿ ಕನ್ನಡ ಕಲಿಸುತ್ತೇನೆಂಬ ಸುದ್ದಿ ಅವರ ಕಿವಿಗೆ ಬಿದ್ದು, ನನ್ನನ್ನು ತಮ್ಮ ಮನೆಗೆ ಕರೆಸಿದರು. ಅವರಿಗೆ ಕನ್ನಡ ಓದಲು ಬಂದರೆ ಅಪ್ಪಯ್ಯನ ಅರ್ಜಿಯನ್ನು ಓದಿಯೇ ಓದುತ್ತಾರೆಂಬ ಆಸೆಯಿಂದ ಒಪ್ಪಿಕೊಂಡೆ.

ಆಟ ಸುಲಭದ್ದು. ಚೀಟಿ ಎತ್ತಿ, ಅದರಲ್ಲಿರುವ ಪದವನ್ನು ಬಾಯಿ ಬಿಡದೆ ಮಾಡಿ ತೋರಿಸಬೇಕು, ಆಮೇಲೆ ಗಟ್ಟಿಯಾಗಿ ಹೇಳಬೇಕು. ಚೀಟಿ ಬರೆಯುವವನು ನಾನೇ. ಗುಡಿಸು, ಬಾಗು, ಬೇಡು, ಕೈಮುಗಿ, ಇಂಥವೇ ಅವರ ಪಾಲಿಗೆ ಬಂದವು. ತಾನಾಗಿಯೇ ಹಾಗಾಯಿತೆಂದು ನಾನು ಹೇಳಿದರೂ ನೀವು ನಂಬಬೇಡಿ. ಊರವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುವ ಮನುಷ್ಯ ಕರಿ ಟೊಪ್ಪಿಗೆ ಹಾಕಿಕೊಂಡು ನನ್ನೆದುರು ಕೈಯೊಡ್ಡಿದಾಗ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅಡುಗೆಮನೆಯ ಬಾಗಿಲಿನಿಂದ ಅವರ ಹೆಂಡತಿ ಇಣುಕಿ, ಪದವನ್ನು ಅವರಿಗಿಂತ ಮೊದಲೇ ಕೂಗಿಬಿಡುತ್ತಿದ್ದರು. ಪರೀಕ್ಷೆಗೆ ಆಕೆ ಕೂತಿದ್ದರೆ ತಿಂಗಳೊಪ್ಪತ್ತು ಸಾಕಿತ್ತು. ಸಾಹೇಬರಿಗೆ ಆರು ತಿಂಗಳು ಹಿಡಿಯಿತು.

ಅಂತೂ ಪಾಸಾದರು. ಮರುದಿನವೇ ಅಪ್ಪಯ್ಯನನ್ನು ಕರೆದುಕೊಂಡು ಕಚೇರಿಗೆ ಹೋದೆ. ಸಾಹೇಬರು ಅರ್ಜಿ ತೆಗೆದು, ಇಡೀ ಕಚೇರಿಗೆ ಕೇಳುವಂತೆ, ಒಂದಕ್ಷರ ತಪ್ಪದೆ ಓದಿದರು. ನನ್ನ ಎದೆಯುಬ್ಬಿತು.

“ಇದು ಮುಂಬಯಿ ಸರಕಾರಕ್ಕೆ ಬರೆದದ್ದು. ಈಗ ಇರುವುದು ಮೈಸೂರು ಸರಕಾರ. ಆದ್ದರಿಂದ ತಿರಸ್ಕರಿಸಲಾಗಿದೆ” ಎಂದರು. ಎಂದವರೇ ಎಡಗೈಯಿಂದ ಕಾಗದವನ್ನು ನಮ್ಮತ್ತ ತಳ್ಳಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಆ ಅಭಿನಯವನ್ನು ನಾನು ಕಲಿಸಿರಲಿಲ್ಲ.

ಮಳೆಗಾಲಕ್ಕೆ ಹದಿನೈದೇ ದಿನ ಉಳಿದಿತ್ತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಅಪ್ಪಯ್ಯ ಅರ್ಜಿಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡು, ಮೆಟ್ಟಿಲಿಳಿಯುತ್ತ ಹೇಳಿದ:

“ಅಂವಂಗೆ ಓದಲೆ ಬರದೇ ಇದ್ದಾಗ ಅರ್ಜಿಗೆ ಜೀವ ಆದ್ರೂ ಇತ್ತಲ, ಮಾಣಿ.”