ಸರ್ಟಿಫಿಕೇಟಿನಿಂದ ಏನು ಸಿಕ್ಕಿತು ಎಂದು ಕೇಳಿದವರಿಗೆ

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕುಯ್ದ ಹಣ್ಣು ತೂಗಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ವರ್ಷ, ಪಿಯುಸಿ ಓದಿ ನಿಲ್ಲಿಸಿದ್ದ ನಾನು ಅಪರಾಧ ಮತ್ತು ನ್ಯಾಯ ಎಂಬ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದೆ. ಭಾನುವಾರಗಳಂದು ಚಿಕ್ಕಮಗಳೂರಿನಲ್ಲಿ ಕ್ಲಾಸು.

ಸೇರಿದ್ದಕ್ಕೆ ಒಂದು ಸಿಟ್ಟೇ ಕಾರಣ. ಅದಕ್ಕೂ ಹಿಂದಿನ ವರ್ಷ ಒಂದು ಅಪಘಾತದ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದೆ. ಮೂರು ಸಲ ಕರೆ ಬಾರದೆ ಕೋರ್ಟಿನಲ್ಲಿ ಕೂತು ಎದ್ದು ಬಂದೆ. ನಾಲ್ಕನೆಯ ಸಲ ಕಟಕಟೆಯಲ್ಲಿ ನಿಂತಾಗ ಅಲ್ಲಿ ನಡೆಯುತ್ತಿದ್ದ ಮಾತಿನಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಎಲ್ಲ ನಡೆದದ್ದು ಕನ್ನಡದಲ್ಲೇ.

ನನ್ನ ಗಂಡ ತೋಟಗಳಿಗೆ ಜೀಪು ಓಡಿಸುತ್ತಾರೆ. ಕಿವಿಯೋಲೆಗೆಂದು ಕೂಡಿಟ್ಟಿದ್ದನ್ನು ಫೀಸಿಗೆ ಕಟ್ಟುತ್ತೇನೆಂದಾಗ ಕೇಳಿದರು: "ಅದನ್ನ ಓದಿದ್ರೆ ಕೆಲಸ ಸಿಗ್ತದಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ದುಡ್ಡು ಕಟ್ತೀಯಾ ಮಾರಾಯ್ತಿ?"

"ಆ ಹಳೇ ಜೀಪಿಗೆ ನೀವು ವರ್ಷಾ ವರ್ಷಾ ಸುರಿತೀರಲ್ಲ, ಗೊತ್ತಿದ್ದು ಸುರಿತೀರಾ?"

ಅವರೇ ಭಾನುವಾರ ಬೆಳಿಗ್ಗೆ ಅದೇ ಜೀಪಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರು.

ತೋಟದ ಸಾಹುಕಾರರು ಕೇಳಿ ನಕ್ಕರು. "ಎಸ್‌ಐ ಆಗ್ತೀಯೇನಮ್ಮ?" ಕುಯ್ಲಿನ ಕಾಲದಲ್ಲಿ ನಮಗೆ ಭಾನುವಾರವೂ ಕೆಲಸ. ನಾನು ಬರುವುದಿಲ್ಲ ಎಂದೆ. ಆ ದಿನಗಳ ಸಂಬಳ ಹಿಡಿದರು. ಹಿಡಿಯಲಿ ಎಂದುಕೊಂಡೆ.

ಕ್ಲಾಸಿನಲ್ಲಿ ನಾವು ಹನ್ನೊಂದು ಜನ. ಕೊಟ್ಟ ಪುಸ್ತಕ ಹಳೆಯ ಕಾನೂನಿನದು. ಪಾಠ ಹೇಳುವ ವಕೀಲರು ಹೊಸ ಕಾನೂನಿನ ಸೆಕ್ಷನ್ ನಂಬರುಗಳನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಸುತ್ತಿದ್ದರು. ಒಂದು ದಿನ ಯಾರೋ ಕೆಲಸದ ಮಾತೆತ್ತಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಇದೊಂದನ್ನೇ ಹಿಡ್ಕೊಂಡು ಹೋದ್ರೆ ಯಾರೂ ಕೆಲಸ ಕೊಡೋದಿಲ್ಲ. ಈಗ್ಲೇ ಹೇಳ್ಬಿಡ್ತೀನಿ." ಮುಂದಿನ ವಾರ ಐದೇ ಜನ ಉಳಿದೆವು. ಆ ದಿನ ಬಸ್ಸಿನಲ್ಲಿ ಕೂತು ಕೈಯಿಂದ ಹೋದ ದುಡ್ಡು, ಕೈಗೆ ಬಂದದ್ದು ಲೆಕ್ಕ ಹಾಕಿ ನೋಡಿದೆ, ಬಂದದ್ದರ ಕಡೆ ಏನೂ ಇರಲಿಲ್ಲ. ಆದರೆ ನಡುವೆ ಬಿಟ್ಟರೆ ನಕ್ಕವರ ಮಾತೇ ನಿಜವಾಗುತ್ತಿತ್ತು. ಅದನ್ನು ನಾನು ಒಪ್ಪುವವಳಲ್ಲ. ಪರೀಕ್ಷೆ ಬರೆದು ಪಾಸಾದೆ.

ಮರುವರ್ಷ ಫೆಬ್ರವರಿಯಲ್ಲಿ ತೋಟದ ಗೋಡೌನಿನಿಂದ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಕಳುವಾದವು. ಕಣ ಗುಡಿಸುವ ಹೆಂಗಸೊಬ್ಬಳು ನಸುಕಿನಲ್ಲಿ ಒಂದು ಪಿಕಪ್ ಗಾಡಿ ಹೋದದ್ದನ್ನು ಕಂಡಿದ್ದಳು. ಅವಳು ತೋಟದ ಆಳುಗಳ ಲೈನ್ ಮನೆಯವಳು, ಓದು ಬಾರದವಳು. ಸ್ಟೇಷನ್ನಿನಿಂದ ಫೋನ್ ಬಂತು, ಅವಳನ್ನು ಕಳಿಸಿ ಎಂದು. ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ನಾನು ಕದ್ದಿಲ್ಲ ಅಕ್ಕ. ಸ್ಟೇಷನ್ ಮೆಟ್ಲು ಹತ್ತಿದೆ ಅಂದ್ರೆ ನನ್ ಮಗಳನ್ನ ಯಾರು ಮದ್ವೆ ಆಗ್ತಾರೆ?"

ನಾನು ಸಾಹುಕಾರರ ಹತ್ತಿರ ಹೋದೆ. "ಇವಳು ಸಾಕ್ಷಿ. ಹೆಂಗಸನ್ನ ಸಾಕ್ಷಿ ಕೇಳ್ಬೇಕಾದ್ರೆ ಅವಳಿರೋ ಮನೆಗೇ ಬಂದು ಕೇಳ್ಬೇಕು, ಕಾನೂನು ಹಾಗಿದೆ. ಅವ್ರನ್ನೇ ಬರಕ್ಕೆ ಹೇಳಿ."

"ಪೊಲೀಸ್ರಿಗೆ ನೀನು ಕಾನೂನು ಹೇಳ್ತೀಯಾ?"

"ನೀವು ಹೇಳದಿದ್ರೆ ನಾನೇ ಹೇಳ್ತೀನಿ, ಫೋನ್ ಕೊಡಿ."

ಅವರು ಕೊಡಲಿಲ್ಲ. ನನ್ನ ಫೋನಿನಿಂದಲೇ ಮಾಡಿದೆ. ಆ ಕಡೆ ದಫೇದಾರರು ಮೊದಲು ಗದರಿದರು. ಸೆಕ್ಷನ್ ನಂಬರು ಹೇಳಿದೆ. "ನೀವು ಲಾಯರ್ರಾ?" ಎಂದು ಕೇಳಿದರು. ಬಹುವಚನ ಆಗಲೇ ಬಂದಿತ್ತು. "ಅಲ್ಲ, ತೋಟದ ರೈಟರ್" ಎಂದೆ.

ಮಧ್ಯಾಹ್ನ ಅವರು ಒಬ್ಬ ಮಹಿಳಾ ಪೇದೆಯನ್ನು ಕರೆದುಕೊಂಡು ಲೈನಿಗೇ ಬಂದರು. ಕಣ ಗುಡಿಸುವವಳು ತನ್ನ ಜಗಲಿಯಲ್ಲಿ ಕೂತು ಕಂಡದ್ದನ್ನು ಹೇಳಿದಳು. ಬರೆದುಕೊಂಡದ್ದನ್ನು ಅವರಿಂದಲೇ ಓದಿಸಿದೆ. ಎರಡು ಕಡೆ ತಪ್ಪಿತ್ತು, ತಿದ್ದಿಸಿದೆ. ಕಳ್ಳರು ಇಂದಿಗೂ ಸಿಕ್ಕಿಲ್ಲ. ಆದರೆ ಅವಳ ತಂಟೆಗೆ ಮತ್ತೆ ಯಾರೂ ಬರಲಿಲ್ಲ.

ಸಾಹುಕಾರರಿಗೆ ಮಾತ್ರ ಅದು ನುಂಗಲಾರದ ತುತ್ತಾಯಿತು. ತಿಂಗಳ ಕೊನೆಗೆ ಕರೆದು, "ಪೊಲೀಸ್ರ ಮುಂದೆ ನನ್ನ ಮರ್ಯಾದೆ ತೆಗ್ದೆ. ಬೇರೆ ರೈಟರ್ ನೋಡಿದೀನಿ" ಎಂದರು. ಹನ್ನೆರಡು ವರ್ಷ ಹಾಜರಿ ಬರೆದಿದ್ದ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಬಂದೆ. ದಾರಿಯಲ್ಲಿ ಅಳು ಬಂತು, ಇಲ್ಲವೆನ್ನುವುದಿಲ್ಲ. ಆದರೆ ಕ್ಷಮೆ ಕೇಳೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ.

ಈಗ ಮೂಡಿಗೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಜನರಿಗೆ ಅರ್ಜಿ, ದೂರು ಬರೆದುಕೊಡುತ್ತೇನೆ. ತೋಟದ ಸಂಬಳದಷ್ಟು ಹುಟ್ಟುವುದಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು ಎಂದು ಬಂದವರಿಗೆಲ್ಲ ಹೇಳಿ ಕಳಿಸುತ್ತೇನೆ. ಕೆಲವರು ಕೇಳಿ ತರುತ್ತಾರೆ. ಕೆಲವರು ಹೆದರಿ ಬರಿಗೈಯಲ್ಲಿ ಬರುತ್ತಾರೆ, ಅವರನ್ನು ನಾನೇ ಮತ್ತೆ ಕರೆದುಕೊಂಡು ಹೋಗುತ್ತೇನೆ.

ಹೋದ ತಿಂಗಳು ಭಾವ ಊಟಕ್ಕೆ ಬಂದಿದ್ದರು. ಎಲೆಯ ಮುಂದೆ ಕೂತು, "ಇದ್ದ ಕೆಲಸಾನೂ ಹೋಯ್ತು. ಆ ಸರ್ಟಿಫಿಕೇಟಿಂದ ಏನ್ ಸಿಕ್ತು ಹೇಳು ನೋಡೋಣ" ಎಂದರು.

"ಏನೂ ಸಿಗ್ಲಿಲ್ಲ ಅಂತ್ಲೇ ಇಟ್ಕೊಳ್ಳಿ ಭಾವ" ಎಂದು ಅನ್ನ ಬಡಿಸಿದೆ. "ಈ ವರ್ಷ ಡಿಗ್ರಿಗೆ ಫೀಸು ಕಟ್ಟಿದೀನಿ."